ನಿಂತ ಗೀಟು, ಮಲಗಿದ ಗೀಟು

ನಾನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆದೆ ಎಂದು ಮೊಮ್ಮಕ್ಕಳಾದ ನೀವೆಲ್ಲ ಹೇಳಿಕೊಂಡು ತಿರುಗುತ್ತಿದ್ದೀರಿ. ಹೋದ ತಿಂಗಳು ಹೊಳಲ್ಕೆರೆಯಲ್ಲಿ ಮದುವೆಗೆ ಹೋದಾಗ ಗುರುತಿಲ್ಲದ ಹೆಂಗಸೊಬ್ಬಳು ಊಟದ ಸಾಲಿನಲ್ಲಿ ನನ್ನ ಎದುರು ನಿಂತು, “ಕಂಪ್ಯೂಟರ್ ಅಜ್ಜಿ ನೀವೇನಾ?” ಎಂದು ಕೇಳಿದಳು. ಕೈಯಲ್ಲಿ ಹಪ್ಪಳ ಇತ್ತು. ಅದನ್ನು ಎಲ್ಲಿ ಬಚ್ಚಿಡುವುದೆಂದು ತೋಚದೆ ಸೆರಗಿನೊಳಗೆ ಇಟ್ಟುಕೊಂಡೆ. ಗುರುತಿಲ್ಲದವರು ಮಾತಾಡಿಸಿದರೆ ಕೈಯಲ್ಲಿರುವುದನ್ನು ಬಚ್ಚಿಡುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಮನೆಗೆ ಬಂದು ಸೀರೆ ಕೊಡವಿದಾಗ ಹಪ್ಪಳದ ಪುಡಿ ಉದುರಿತು. ಇದು ಇನ್ನೂ ಬೆಳೆಯುವುದಕ್ಕೆ ಮುಂಚೆ ಆದದ್ದನ್ನು ಆದ ಹಾಗೆ ಬರೆದಿಡೋಣ ಎಂದು ಆವತ್ತೇ ನಿರ್ಧರಿಸಿದೆ.

ನಾನು ಓದಿದ್ದು ಹಿರಿಯೂರಿನ ಹತ್ತಿರದ ನಮ್ಮೂರ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ತಪ್ಪುಗಳಿದ್ದರೆ ನಮ್ಮ ಮೇಷ್ಟ್ರನ್ನು ಬೈಯಿರಿ. ಅವರು ಈಗ ಇಲ್ಲ, ಬೇಜಾರು ಮಾಡಿಕೊಳ್ಳುವುದಿಲ್ಲ.

ಇದರಲ್ಲಿ ಯಾರ ಹೆಸರೂ ಬರುವುದಿಲ್ಲ. ನಾನು ಮದುವೆಯಾಗಿ ಬಂದ ಕಾಲಕ್ಕೆ ಈ ಊರಿನಲ್ಲಿ ಹೆಂಗಸರಿಗೆ ಹೆಸರೇ ಇರಲಿಲ್ಲ. ಸೊಸೆ ಯಾವ ಊರಿಂದ ಬಂದಳೋ ಆ ಊರೇ ಅವಳ ಹೆಸರು. ನಾನು ಹಿರಿಯೂರಕ್ಕ. ಪಕ್ಕದ ಮನೆಯವಳು ಹೊಸದುರ್ಗದಕ್ಕ. ನಮ್ಮತ್ತೆ ಚಿತ್ರದುರ್ಗದವರು, ಆದ್ದರಿಂದ ದುರ್ಗದಮ್ಮ. ಒಮ್ಮೆ ನನ್ನ ತಾಯಿ ನನ್ನ ಹೆಸರಿಗೆ ಕಾಗದ ಬರೆಸಿದ್ದರು. ಅಂಚೆಯವನು ಬಾಗಿಲಲ್ಲಿ ನಿಂತು ಹೆಸರು ಕೂಗಿದ. ನಮ್ಮತ್ತೆ, “ಆ ಹೆಸರಿನೋರು ಇಲ್ಲಿ ಯಾರೂ ಇಲ್ಲಪ್ಪ, ಮುಂದಕ್ಕೆ ಹೋಗು” ಎಂದು ಕಳಿಸಿಬಿಟ್ಟರು. ನಾನು ಒಳಗೆ ಮುದ್ದೆ ತಿರುಗಿಸುತ್ತಿದ್ದೆ. ಕೇಳಿಸಿತು. ಹೊರಗೆ ಬಂದು ‘ಅದು ನಾನೇ’ ಎನ್ನಲು ನಾಚಿಕೆಯಾಗಿ ಸುಮ್ಮನಿದ್ದೆ. ಆ ಕಾಗದದಲ್ಲಿ ಏನಿತ್ತೋ ಇವತ್ತಿಗೂ ಗೊತ್ತಿಲ್ಲ.

ಈಗ ನಿಮ್ಮ ದೊಡ್ಡಕ್ಕನ ವಿಷಯಕ್ಕೆ ಬರುತ್ತೇನೆ. ಅವಳು ಚಿಕ್ಕಜಾಜೂರಿನ ಪಕ್ಕದ ನಮ್ಮ ಮನೆಯಿಂದ ದುರ್ಗಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಡಿಪ್ಲೊಮಾ ಓದುತ್ತಿದ್ದಳು. ಬರೆಯುವ ಪರೀಕ್ಷೆಗಳಲ್ಲಿ ಎಲ್ಲರಿಗಿಂತ ಮುಂದು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮಾತ್ರ ಹೊರಗಿನಿಂದ ಒಬ್ಬರು ಪರೀಕ್ಷಕರು ಬಂದು ಎದುರು ಕೂತು ಪ್ರಶ್ನೆ ಕೇಳುತ್ತಾರೆ. ಅದಕ್ಕೆ ವೈವಾ ಎಂದು ಹೆಸರು. ಅವರು ಒಂದು ಪ್ರಶ್ನೆ ಕೇಳಿದರು, ಇವಳು ನೆಲ ನೋಡಿದಳು. ಇನ್ನೊಂದು ಕೇಳಿದರು, ಇವಳು ಇನ್ನೊಂದು ಕಡೆಯ ನೆಲ ನೋಡಿದಳು. ಫೇಲು ಮಾಡಿದರು. ಎಲ್ಲ ಉತ್ತರವೂ ಗೊತ್ತಿತ್ತಂತೆ, ಬಾಯಿ ಬರಲಿಲ್ಲವಂತೆ.

ಮರುಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಅದರಲ್ಲೂ ನೆಲ ನೋಡಿದರೆ ಡಿಪ್ಲೊಮಾ ಕೈಗೆ ಬರುವುದು ಒಂದು ವರ್ಷ ತಡ. ದಾವಣಗೆರೆಯಲ್ಲಿ ಸಿಕ್ಕಿದ್ದ ಇಂಜಿನಿಯರಿಂಗ್ ಸೀಟು ಇನ್ನೊಬ್ಬರ ಪಾಲು.

ಮನೆಯಲ್ಲಿ ಎಲ್ಲರೂ ಅವಳಿಗೆ ಧೈರ್ಯ ಹೇಳಿದರು. ಅವಳಪ್ಪ, ಅಂದರೆ ನನ್ನ ಮಗ, ರೈಲ್ವೆಯವನು; ಹಳಿಯ ಮೇಲೆ ಕೂಗಿ ಕೂಗಿ ಅವನ ಗಂಟಲು ಹೊಳಲ್ಕೆರೆಯವರೆಗೆ ಕೇಳುವಂತಾಗಿದೆ. ಅವನು “ಹೆದರ್ಬೇಡ, ಮೆತ್ತಗೆ ಮಾತಾಡು ಸಾಕು!” ಎಂದು ಅಬ್ಬರಿಸಿದಾಗ ಎಮ್ಮೆ ಹಗ್ಗ ಕಿತ್ತುಕೊಂಡಿತು. ಅವಳಮ್ಮ ಎಲ್ಲಿಂದಲೋ ತಾಯತ ಕಟ್ಟಿಸಿಕೊಂಡು ಬಂದಳು. ನಾನು ಏನೂ ಹೇಳಲಿಲ್ಲ. ಆ ಹುಡುಗಿಯ ಮೂಗು ಅವಳಪ್ಪನದು, ಜಡೆ ಅವಳಮ್ಮನದು, ಬಾಯಿ ಮುಚ್ಚಿಕೊಳ್ಳುವ ರೋಗ ಮಾತ್ರ ನನ್ನದು. ಕೊಟ್ಟವಳೇ ಔಷಧಿ ಹೇಳಿದರೆ ಯಾರು ನಂಬುತ್ತಾರೆ?

ಅವಳ ಲೆಕ್ಚರರ್ ಒಂದು ಉಪಾಯ ಹೇಳಿದ್ದರು. ಮನೆಯಲ್ಲಿ ಏನೂ ಗೊತ್ತಿಲ್ಲದವರನ್ನು ಕೂರಿಸಿಕೊಂಡು ದಿನಾ ಪಾಠ ಒಪ್ಪಿಸು ಎಂದು. ಹುಡುಗಿ ಏನೂ ಗೊತ್ತಿಲ್ಲದವರಿಗಾಗಿ ಮನೆಯೆಲ್ಲ ಕಣ್ಣಾಡಿಸಿದಳು. ಕಣ್ಣು ನನ್ನ ಮೇಲೆ ಬಂದು ನಿಂತಿತು.

ನಾನು ಜಗುಲಿಯಲ್ಲಿ ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದೆ. ಎರಡು ಬೆಂಕಿಪೊಟ್ಟಣ ಸೇರಿಸಿದಷ್ಟಿದ್ದ ಒಂದು ಹಸಿರು ಹಲಗೆಯನ್ನು ತಂದು ಮೊರದ ಪಕ್ಕ ಇಟ್ಟಳು. ಅದರ ಮೇಲೆ ಕರಿಯ ಜಿರಳೆಯಂಥದ್ದೊಂದು ಕಾಲು ಚಾಚಿಕೊಂಡು ಕೂತಿತ್ತು.

“ಅಜ್ಜಿ, ಈ ಕರೇದ್ರೊಳಗೆ ಸಾವಿರಾರು ಮನೆ ಅವೆ ಅನ್ಕ. ಒಂದೊಂದ್ಕೂ ಒಂದು ನಂಬರ್ ಐತೆ. ಆ ನಂಬರೇ ಅಡ್ರೆಸ್ಸು.”

“ಒಳಗೆ ಯಾರಿರ್ತಾರೆ?”

“ಯಾರೂ ಇಲ್ಲ. ಬರೇ ಅಂಕಿ ಇರ್ತೈತೆ.”

“ಹಂಗಾದ್ರೆ ಬಾಡಿಗೆ ಬರಲ್ಲ ಬಿಡು.”

ಅವಳು ನಗದೆ ಮುಂದುವರಿಸಿದಳು. “ಕೆಲವು ಮನೆಗೆ ಹೊರಗಿಂದ ತಂತಿ ಎಳ್ದಿರ್ತಾರೆ. ಈ ನಂಬರಿನ ಮನೇಲಿ ಒಂದು ಅಂತ ಬರದ್ರೆ ಮೋಟ್ರು ಓಡ್ತೈತೆ. ಸೊನ್ನೆ ಬರದ್ರೆ ನಿಲ್ತೈತೆ.”

“ಗೋಡೆ ಮೇಲಿರೋ ಸ್ವಿಚ್ ಒತ್ತಿದ್ರೂ ಅಷ್ಟೇ ಅಲ್ಲೇನೆ?”

“ಅಜ್ಜೀ! ಸ್ವಿಚ್ ಒತ್ತಾಕೆ ಯಾರಾದ್ರೂ ನೆನಪಿಟ್ಕಂಡಿರ್ಬೇಕಲ್ಲ!”

ಅದು ಸರಿ. ನಮ್ಮ ಮಾಳಿಗೆಯ ಮೇಲಿನ ನೀರಿನ ಟ್ಯಾಂಕು ನಿಮಗೆ ಗೊತ್ತಲ್ಲ. ಮೋಟಾರು ಹಾಕಲು ಎಲ್ಲರಿಗೂ ನೆನಪಿರುತ್ತದೆ, ಆರಿಸಲು ಯಾರಿಗೂ ಇರುವುದಿಲ್ಲ. ಟ್ಯಾಂಕು ತುಂಬಿ ಹರಿದ ನೀರು ನೆಟ್ಟಗೆ ಹೊಸದುರ್ಗದಕ್ಕನ ಅಂಗಳಕ್ಕೆ ಬೀಳುತ್ತದೆ. ಅವಳು ಗೋಡೆಯಾಚೆಯಿಂದ, “ಹಿರಿಯೂರಕ್ಕಾ, ನಿಮ್ಮ ಗಂಗಮ್ಮ ನಮ್ಮ ಸಂಡಿಗೆ ಮೇಲೆ ಇಳ್ದು ಬಂದವ್ಳೆ, ಆರತಿ ತಗಂಡ್ ಬಾ!” ಎಂದು ಕೂಗುತ್ತಾಳೆ. ನಿಮ್ಮಕ್ಕನ ಪ್ರಾಜೆಕ್ಟು ಅದಕ್ಕೇ ಇದ್ದದ್ದು. ಟ್ಯಾಂಕು ತುಂಬಿದ್ದು ಗೊತ್ತಾದ ಕೂಡಲೇ ಹಲಗೆ ತಾನೇ ಆ ಮನೆಯಲ್ಲಿ ಸೊನ್ನೆ ಬರೆಯಬೇಕು, ಮೋಟಾರು ನಿಲ್ಲಬೇಕು.

“ಈಗ ಪಾಯಿಂಟರ್ ಅಂದ್ರೆ,” ಎಂದು ಅವಳು ಹಲಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಇದೇ ಜಾಗದಲ್ಲಿ ಅವಳು ವೈವಾದಲ್ಲಿ ನೆಲ ನೋಡಿದ್ದು. “ಪಾಯಿಂಟರೂ ಒಂದು ಮನೆನೇ. ಆದ್ರೆ ಅದ್ರೊಳಗೆ ಸಾಮಾನು ಇರಲ್ಲ. ಸಾಮಾನು ಎಲ್ಲೈತೋ ಆ ಮನೆ ನಂಬರ್ ಇರ್ತೈತೆ. ಪಾಯಿಂಟರ್ ಮುಂದೆ ಒಂದು ಸ್ಟಾರ್ ಹಾಕಿ ‘ಒಂದು’ ಅಂತ ಬರದ್ರೆ, ಆ ನಂಬರಿನ ಮನೆಗೆ ಹೋಗಿ ಅಲ್ಲಿ ಒಂದು ಇಡು ಅಂತ ಅರ್ಥ.”

“ಸ್ಟಾರ್ ಮರೆತ್ರೆ?”

“ಎಲ್ಲಿಗೂ ಹೋಗಲ್ಲ. ಇಲ್ಲೇ, ಪಾಯಿಂಟರೊಳಗಿದ್ದ ನಂಬರೇ ಅಳಿಸಿ ಅಲ್ಲಿ ಒಂದು ಅಂತ ಕೂತ್ಕಂತೈತೆ. ಆಮೇಲೆ ನೀನು ಸ್ಟಾರ್ ಹಾಕಿ ಕಳಿಸಿದ್ರೂ ಅದು ಇನ್ಯಾರ್ದೋ ಮನೆಗೆ ಹೋಗ್ತೈತೆ.”

“ಬಯ್ಯಲ್ವಾ ಕಂಪ್ಯೂಟ್ರು?”

“ಒಂದು ಹಳದಿ ಗೆರೆ ತೋರಿಸ್ತೈತೆ. ನಾನು ನೋಡಲ್ಲ.” ತಲೆ ತಗ್ಗಿಸಿದಳು. “ನಾನು ದಿನಾ ಸ್ಟಾರ್ ಮರೀತೀನಿ ಅಜ್ಜಿ.”

ನನ್ನ ಕೈಯಲ್ಲಿದ್ದ ಶೇಂಗಾ ಅಲ್ಲೇ ನಿಂತಿತು. ಐವತ್ತು ವರ್ಷದಿಂದ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ವಿಷಯವನ್ನು ಈ ಹುಡುಗಿ ಕಾಲೇಜಿನಲ್ಲಿ ಕಲಿತು ಬಂದಿದ್ದಳು.

“ಇದು ನಮ್ಮ ಹಗೇವು ಕಣೆ,” ಎಂದೆ.

ಹಗೇವನ್ನು ನೀವು ಯಾರೂ ನೋಡಿಲ್ಲ. ನೆಲದೊಳಗೆ ತೋಡಿದ ರಾಗಿಯ ಗುಂಡಿ ಅದು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ನಿಮ್ಮ ದೊಡ್ಡ ಸೋದರಮಾವನ ಹಾಗಲ್ಲ, ಅವನಿಗೆ ಎರಡೂ ದೊಡ್ಡವು. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಹಾಕಿ ಸಾರಿಸಿಬಿಟ್ಟರೆ ಹಗೇವು ಎಲ್ಲಿದೆ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ವರ್ಷಗಟ್ಟಲೆ ರಾಗಿ ಕೆಡುವುದಿಲ್ಲ. ನಮ್ಮ ಮನೆಗೂ ಹೊಸದುರ್ಗದಕ್ಕನ ಮನೆಗೂ ಆಗ ನಡುವೆ ಗೋಡೆ ಇರಲಿಲ್ಲ, ಒಂದೇ ಅಂಗಳ. ಎರಡು ಮನೆಯ ಹಗೇವುಗಳೂ ಅದರಲ್ಲೇ.

ನಮ್ಮ ಹಗೇವಿನ ಜಾಗ ನಮ್ಮ ಮಾವನವರು ಪಡಸಾಲೆಯ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದಿಟ್ಟಿದ್ದರು. ಒಂಬತ್ತು ನಿಂತ ಗೀಟು, ಅದರ ಕೆಳಗೆ ನಾಲ್ಕು ಮಲಗಿದ ಗೀಟು. ಜಗುಲಿಯ ಮೂಲೆಯಿಂದ ಬೇವಿನ ಮರದ ಕಡೆಗೆ ಒಂಬತ್ತು ಹೆಜ್ಜೆ ನೆಟ್ಟಗೆ, ಅಲ್ಲಿಂದ ಬಾವಿಯ ಕಡೆಗೆ ನಾಲ್ಕು ಹೆಜ್ಜೆ ಅಡ್ಡ ಎಂದು ಅದರ ಅರ್ಥ. ಮಾವನವರಿಗೆ ಆ ಗೋಡೆಯ ಮೇಲೆ ಇದ್ದಷ್ಟು ನಂಬಿಕೆ ತಮ್ಮ ತಲೆಯ ಮೇಲೆ ಇರಲಿಲ್ಲ. ಅದು ಸರಿಯಾದ ತೀರ್ಮಾನವೇ ಆಗಿತ್ತು.

ನಾನು ಬಂದ ವರ್ಷ ಯುಗಾದಿಗೆ ಮನೆಗೆ ಸುಣ್ಣ ಬಳಿಯುವ ಕೆಲಸ ನನ್ನ ಪಾಲಿಗೆ ಬಂತು. ಹೊಸ ಸೊಸೆ, ಒಳ್ಳೆಯ ಹೆಸರು ತೆಗೆದುಕೊಳ್ಳಬೇಕು. ಗೋಡೆಯ ಮೇಲೆ ಯಾವುದೋ ಮಗು ಗೀಚಿದೆ ಎಂದುಕೊಂಡು ಅಲ್ಲಿಗೆ ಎರಡು ಸಲ ಬಳಿದೆ. ಹಾಲಿನ ಹಾಗೆ ಬೆಳ್ಳಗಾಯಿತು. ನಾನೇ ಹಿಂದೆ ಸರಿದು ನಿಂತು ನೋಡಿ ಸಂತೋಷಪಟ್ಟೆ.

ಹಬ್ಬ ಕಳೆದ ಮೇಲೆ ಮನೆಯ ರಾಗಿ ಮುಗಿಯಿತು. ಹಗೇವು ತೆಗೆಯಲು ಹೊರಟ ಮಾವನವರು ಆ ಗೋಡೆಯ ಎದುರು ಬೆರಳು ಎತ್ತಿಕೊಂಡು ನಿಂತರು. ಬೆರಳು ಎತ್ತಿದ್ದು ಎತ್ತಿದ ಹಾಗೇ ಇತ್ತು.

ಇಲ್ಲಿ ನಿಮಗೆ ಒಂದು ಪದ್ಧತಿ ಹೇಳಬೇಕು. ಸೊಸೆ ಮಾವನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. ಆದರೆ ಊಟಕ್ಕೆ ಕರೆಯಬೇಕಲ್ಲ. ಅದಕ್ಕೆ ಪಡಸಾಲೆಯ ಕಂಬದ ಜೊತೆ ಮಾತಾಡುತ್ತಿದ್ದೆವು. ನಾನು ಬಾಗಿಲ ಹಿಂದೆ ನಿಂತು, “ಕಂಬವೇ, ಮುದ್ದೆ ಆರೋಗ್ತೈತಂತೆ, ಏಳ್ಬೇಕಂತೆ” ಎನ್ನುತ್ತಿದ್ದೆ. ಕಂಬದ ಪಕ್ಕದಲ್ಲೇ ಕೂತಿದ್ದ ಮಾವನವರು, “ಕೈ ತೊಳ್ಕಂಡ್ ಬರ್ತೀನಂತ ಹೇಳು ಕಂಬ” ಎನ್ನುತ್ತಿದ್ದರು. ಮೊದಲ ವಾರ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಆಮೇಲೆ ಅಭ್ಯಾಸವಾಯಿತು. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ನಾನು ಸಲೀಸಾಗಿ ಮಾತಾಡುತ್ತಿದ್ದದ್ದು ಆ ಕಂಬದ ಜೊತೆ ಒಂದೇ.

ಮಾವನವರು ಆವತ್ತು ಕಂಬದ ಕಡೆ ತಿರುಗಿ ಕೇಳಿದರು. “ಕಂಬ, ಇಲ್ಲಿ ಸುಣ್ಣ ಬಳಿದೋರು ಯಾರು?”

ಕಂಬ ಏನೂ ಹೇಳಲಿಲ್ಲ.

ಅವರು ಸ್ನಾನಕ್ಕೆ ಹೋದಾಗ ನಾನು ಕೆಮ್ಮಣ್ಣು ಕಲಸಿಕೊಂಡು ಗೋಡೆಯ ಹತ್ತಿರ ಓಡಿದೆ. ಒಂಬತ್ತು, ನಾಲ್ಕು ಎನ್ನುವುದು ನೆನಪಿತ್ತು. ಯಾವುದು ನಿಂತಿತ್ತು, ಯಾವುದು ಮಲಗಿತ್ತು ಎನ್ನುವುದು ನೆನಪಾಗಲಿಲ್ಲ. ಯೋಚಿಸಲು ಹೊತ್ತಿಲ್ಲ, ಅವರು ಎರಡು ಚೊಂಬು ನೀರಿಗೆ ಸ್ನಾನ ಮುಗಿಸುವವರು. ನಾಲ್ಕನ್ನು ನಿಲ್ಲಿಸಿದೆ, ಒಂಬತ್ತನ್ನು ಮಲಗಿಸಿದೆ. ಮಾವನವರು ತಲೆ ಒರೆಸಿಕೊಳ್ಳುತ್ತ ಬಂದವರು ಗೋಡೆ ನೋಡಿ ಬೆಚ್ಚಿದರು. “ಇಲ್ಲೇ ಐತಲ್ಲೇ! ನನ್ನ ಕಣ್ಣಿಗೇನ್ ಬಂತೇ ದುರ್ಗದೋಳೇ!” ಎಂದು ಅತ್ತೆಯನ್ನು ಕೂಗಿದರು. ಅತ್ತೆ ಆಮೇಲೆ ಒಂದು ತಿಂಗಳು ಅವರ ಕಣ್ಣಿಗೆ ನಂದಿಬಟ್ಟಲು ಹೂವಿನ ರಸ ಬಿಟ್ಟರು. ಪಾಪ, ಚೆನ್ನಾಗಿದ್ದ ಕಣ್ಣು.

ನಾಲ್ಕು ಹೆಜ್ಜೆ ನೆಟ್ಟಗೆ, ಒಂಬತ್ತು ಹೆಜ್ಜೆ ಬಾವಿಯ ಕಡೆಗೆ ನಡೆದು ಹಾರೆಯಿಂದ ಅಲ್ಲಿ ಇಲ್ಲಿ ಚುಚ್ಚಿದರು. ಕಲ್ಲು ಸಿಕ್ಕಿತು. ನನಗೆ ಹೋದ ಜೀವ ಬಂತು. ಚಪ್ಪಡಿ ಎತ್ತಿ, ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಬಿಟ್ಟು, ಲಾಟೀನು ಇಳಿಸಿ ದೀಪ ಆರುವುದಿಲ್ಲವೆಂದು ನೋಡಿಕೊಂಡು ಆಳುಗಳು ಇಳಿದರು. ಬುಟ್ಟಿ ಬುಟ್ಟಿ ರಾಗಿ ಬಂತು. ಮಾವನವರು ಒಂದು ಹಿಡಿ ಎತ್ತಿಕೊಂಡು, “ನೋಡ್ರಿ, ನಮ್ಮ ಹೊಲದ ರಾಗಿ ಅಂದ್ರೆ ಇದು! ಈ ಬಣ್ಣ ಇನ್ಯಾರ ಮನೇಲೈತೆ?” ಎಂದು ಎಲ್ಲರಿಗೂ ತೋರಿಸಿದರು.

ಮಾರನೆಯ ಬೆಳಿಗ್ಗೆ ಅಂಗಳಕ್ಕೆ ಸಗಣಿ ನೀರು ಹಾಕುವಾಗ ನನಗೆ ಸುಮ್ಮನಿರಲಾಗಲಿಲ್ಲ. ಜಗುಲಿಯ ಮೂಲೆಯಿಂದ ಒಂಬತ್ತು ಹೆಜ್ಜೆ ಬೇವಿನ ಕಡೆಗೆ ನಡೆದು, ನಾಲ್ಕು ಹೆಜ್ಜೆ ಬಾವಿಯ ಕಡೆ ತಿರುಗಿ ಹಿಮ್ಮಡಿಯಿಂದ ತಟ್ಟಿದೆ. ನೆಲ ದುಮ್ಮೆಂದಿತು. ನಮ್ಮ ಹಗೇವು ಅಲ್ಲೇ ಇತ್ತು, ಮುಚ್ಚಿಕೊಂಡು, ನೆಮ್ಮದಿಯಾಗಿ. ಹಾಗಾದರೆ ನಿನ್ನೆ ತೆಗೆದದ್ದು? ಆ ಅಂಗಳದಲ್ಲಿ ಹಗೇವು ಇದ್ದದ್ದು ಎರಡೇ ಮನೆಗೆ.

ಮೂರು ತಿಂಗಳು ನಾವು ಹೊಸದುರ್ಗದಕ್ಕನ ಮನೆಯ ರಾಗಿ ತಿಂದೆವು. ನಿಮ್ಮ ತಾತ ದಿನಾ ಒಂದು ಮುದ್ದೆ ಹೆಚ್ಚಿಗೆ ತಿಂದರು. ಅವರಿಗೂ ನಾನು ಹೇಳಲಿಲ್ಲ. ಅವರ ಹೊಟ್ಟೆಯಲ್ಲಿ ಮುದ್ದೆ ನಿಲ್ಲುತ್ತಿತ್ತೇ ಹೊರತು ಮಾತು ನಿಲ್ಲುತ್ತಿರಲಿಲ್ಲ.

ನಿಮ್ಮಕ್ಕ ಬಾಯಿ ಬಿಟ್ಟುಕೊಂಡು ಕೇಳಿದಳು. “ಅಜ್ಜಿ! ಗೋಡೆ ಮೇಲಿನ ಗೀಟೇ ಪಾಯಿಂಟರ್ರು. ಹಗೇವು ಅದು ತೋರಿಸೋ ಮನೆ. ಹೆಜ್ಜೆ ಹಾಕಿ ಅಲ್ಲಿಗೆ ಹೋಗೋದೇ ಸ್ಟಾರ್ರು. ಸ್ಟಾರ್ ಮರೆಯೋದು ಅಂದ್ರೆ ಅಲ್ಲಿಗೆ ಹೋಗ್ದೆ ಗೋಡೆನೇ ತಿದ್ದೋದು!”

“ಹ್ಞೂಂ.”

“ಯಾರಜ್ಜಿ ಸುಣ್ಣ ಬಳಿದಿದ್ದು?”

ನಾನು ಮೊರ ಹಿಡಿದು ಕೇರಲು ಶುರು ಮಾಡಿದೆ. “ಯಾರೋ. ಆಗೆಲ್ಲ ಮನೆ ತುಂಬ ಜನ.”

ಹೀಗೆ ಪಾಠ ಅವಳ ತಲೆಗೆ ಹತ್ತಿತು. ಬಾಯಿಗೆ ಇನ್ನೂ ಬಂದಿರಲಿಲ್ಲ. ನನ್ನ ಎದುರು ಹರಿಕಥೆಯ ಹಾಗೆ ಹೇಳುತ್ತಿದ್ದವಳು ಅವಳಪ್ಪ ಬಂದು ಕೂತರೆ ನೆಲ ನೋಡುತ್ತಿದ್ದಳು. ಆಗ ನಾನು ನನ್ನ ಔಷಧಿ ಕೊಟ್ಟೆ.

“ಅವರ ಮುಖ ಯಾಕೆ ನೋಡ್ತಿ? ಕಂಬಕ್ಕೆ ಹೇಳು. ಅವರು ಪಕ್ಕದಲ್ಲಿ ಕೇಳಿಸ್ಕಂತಾರೆ.”

ಪಡಸಾಲೆಯ ಹಳೆಯ ಕಂಬ ಈಗಲೂ ಇದೆ, ಟಿವಿಯ ವೈರು ಸುತ್ತಿಕೊಂಡು ನಿಂತಿದೆ. ನಾಲ್ಕು ದಿನ ನಿಮ್ಮಕ್ಕ ಅದಕ್ಕೆ ಪಾಯಿಂಟರ್ ಪಾಠ ಹೇಳಿದಳು. ಅವಳಪ್ಪ ಪಕ್ಕದಲ್ಲಿ ಕೂತು ಬೇಕೆಂದೇ ಅಡ್ಡ ಪ್ರಶ್ನೆ ಕೇಳುತ್ತಿದ್ದ, ಅವಳು ಕಂಬದ ಮೂಲಕ ಉತ್ತರ ಕೊಡುತ್ತಿದ್ದಳು. ಹೊಸದುರ್ಗದಕ್ಕ ಗೋಡೆಯ ಮೇಲಿಂದ ಇಣುಕಿದಳು.

“ಏನೇ ಹಿರಿಯೂರಕ್ಕ, ನಿನ್ನ ಮೊಮ್ಮಗಳಿಗೆ ಗಾಳಿ ಗೀಳಿ ಸೋಕೈತಾ? ಕಂಬಕ್ಕೆ ಪಾಠ ಹೇಳ್ತಾಳಲ್ಲ!”

“ಕಂಬ ಆಗ್ಲೇ ಪಾಸಾಗೈತೆ. ಇವಳೊಬ್ಳು ಆಗ್ಬೇಕು.”

“ಹಂಗಾದ್ರೆ ನಮ್ಮನೆ ಯಜಮಾನ್ರಿಗೂ ಒಂದು ಕಂಬ ಕೊಡ್ಸೇ. ಸಾಯೋವರೆಗೂ ಅದ್ಕೇ ಹೇಳ್ಕಂಡಿರ್ಲಿ, ನನ್ ಕಿವಿ ಉಳೀತೈತೆ.”

ಪರೀಕ್ಷೆಯ ದಿನ ನಿಮ್ಮಕ್ಕ ನಾನೂ ಬರಲೇಬೇಕೆಂದು ಹಟ ಹಿಡಿದಳು. ನಾನು ದುರ್ಗಕ್ಕೆ ಹೋಗಿದ್ದು ಬಹಳ ವರ್ಷದ ಹಿಂದೆ, ನಿಮ್ಮ ತಾತನ ಜೊತೆ ಚಂದ್ರವಳ್ಳಿಯ ಗುಹೆ ನೋಡಲು. ಅಲ್ಲಿ ವಿವರಿಸುತ್ತಿದ್ದವನು “ಯಾರಿಗಾದ್ರೂ ಏನಾದ್ರೂ ಕೇಳೋದೈತಾ?” ಎಂದಾಗ ನಾನು ತಾತನ ಬೆನ್ನ ಹಿಂದೆ ಅಡಗಿದ್ದೆ. ಕತ್ತಲಲ್ಲಿ ಅದು ಬೇರೆಯವರ ಬೆನ್ನಾಗಿತ್ತು.

ಕಾಲೇಜಿನ ವರಾಂಡದಲ್ಲಿ ಲ್ಯಾಬಿನ ಕಿಟಕಿಯ ಕೆಳಗೆ ಒಂದು ಬೆಂಚು. ಅಲ್ಲಿ ಕೂತರೆ ದೂರದಲ್ಲಿ ಜೋಗಿಮಟ್ಟಿಯ ಗುಡ್ಡ ಕಾಣುತ್ತಿತ್ತು. ಅದನ್ನೇ ನೋಡುತ್ತ ಕೂತೆ, ಅದು ತಿರುಗಿ ಮಾತಾಡುವುದಿಲ್ಲ. ಅಟೆಂಡರ್ ಒಬ್ಬ ಗಂಟೆಯ ಕೋಲು ಹಿಡಿದು ಬಂದ.

“ಏನಜ್ಜಿ, ಪರೀಕ್ಷೆ ಬರಿಯಾಕ್ ಬಂದೀರಾ? ಹಾಲ್ ಟಿಕೆಟ್ ಎಲ್ಲಿ?”

ನಾನು ಚೀಲವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಅವನು ನಕ್ಕು ಪಕ್ಕದಲ್ಲೇ ಕೂತ.

ನಿಮ್ಮಕ್ಕನ ಸರದಿ ಬಂತು. ಮನೆಯಿಂದ ಬರೆದುಕೊಂಡು ಬಂದದ್ದನ್ನು ಹಾಕುವಂತಿಲ್ಲ, ಅಲ್ಲಿಯ ಕಂಪ್ಯೂಟರಿನಲ್ಲೇ ಹೊಸದಾಗಿ ಬರೆಯಬೇಕು. ಒಳಗೆ ಎರಡು ಬಕೆಟ್ಟು, ಒಂದು ಸಣ್ಣ ಪಂಪು, ಆ ಹಸಿರು ಹಲಗೆ. ಕಿಟಕಿ ತೆರೆದಿತ್ತು. ಪಟಪಟ ಬರೆಯುವುದು ಕೇಳಿಸಿತು. ಆಮೇಲೆ ಒಂದು ಗಂಡಸಿನ ಧ್ವನಿ ಕೇಳಿಸಿತು. “ಹ್ಞಾಂ, ಓಡಿಸಮ್ಮ.”

ಏನೂ ಓಡಲಿಲ್ಲ. ಪಂಪಿನ ಸದ್ದಿಲ್ಲ, ನೀರಿನ ಸದ್ದಿಲ್ಲ.

“ಯಾಕೆ ಓಡ್ತಿಲ್ಲ? ಹೇಳು ನೋಡಾಣ.”

ಮಾತಿಲ್ಲ.

“ಏನೋ ಒಂದು ಹೇಳಮ್ಮ. ತಪ್ಪಾದ್ರೂ ಪರವಾಗಿಲ್ಲ.”

ಆಗಲೂ ಮಾತಿಲ್ಲ. ಗೋಡೆಯಾಚೆ ಇದ್ದರೂ ಅವಳು ನೆಲದ ಯಾವ ಚೂರನ್ನು ನೋಡುತ್ತಿದ್ದಾಳೆ ಎಂದು ನನಗೆ ಕಾಣುತ್ತಿತ್ತು. ಆ ಮೌನ ನನ್ನದು. ಪಡಸಾಲೆಯ ಬಾಗಿಲ ಹಿಂದೆ, ಸುಣ್ಣದ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ನಾನು ನಿಂತಿದ್ದೆನಲ್ಲ, ಅದೇ. ಪರೀಕ್ಷಕರು ಕುರ್ಚಿ ಹಿಂದಕ್ಕೆ ಎಳೆದ ಸದ್ದಾಯಿತು. ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾರೆ ಎಂದುಕೊಂಡೆ. ಒಂದು ವರ್ಷ ಹೋಯಿತು ಎಂದುಕೊಂಡೆ.

ವರಾಂಡದಲ್ಲಿ ಒಂದು ಕಂಬವಿತ್ತು. ಅದರ ಮೇಲೆ ‘ಉಗುಳಬೇಡಿ’ ಎಂದು ಬರೆದಿತ್ತು, ಅದರ ಕೆಳಗೆ ಉಗುಳಿದ್ದರು. ನಾನು ಎದ್ದು ನಿಂತು ಅದರ ಕಡೆ ತಿರುಗಿದೆ. ಎಷ್ಟು ಜೋರಾಗಿ ಹೇಳಿದೆ ಎಂದು ನನಗೆ ಗೊತ್ತಿಲ್ಲ. ಮೇಲಿನ ಮಹಡಿಯಿಂದಲೂ ಮಕ್ಕಳು ಬಗ್ಗಿ ನೋಡಿದರಂತೆ.

“ಕಂಬವೇ! ಗೋಡೆಗೆ ಸುಣ್ಣ ಬಳಿದೋಳು ನಾನೇ ಅಂತ ಹೇಳು!”

ಅಟೆಂಡರ್ ಕೈಯಲ್ಲಿದ್ದ ಕೋಲು ಬೀಳಿಸಿದ. “ಏ ಅಜ್ಜಿ, ಸುಮ್ಕಿರ್ರಿ! ಸಾಹೇಬ್ರು ಬೈತಾರೆ!”

ಒಳಗಿನಿಂದ ಮೊದಲು ಬಂದದ್ದು ಒಂದು ನಗು. ತಡೆದುಕೊಳ್ಳಲಾಗದೆ ಮೂಗಿನಿಂದ ಹೊರಬಂದ ನಗು, ನಿಮ್ಮಕ್ಕನದೇ. ಆಮೇಲೆ ಪರೀಕ್ಷಕರ ಧ್ವನಿ. “ಯಾರ್ರೀ ಅದು?”

“ನಮ್ಮಜ್ಜಿ ಸರ್.”

“ಯಾರ ಜೊತೆ ಮಾತಾಡ್ತಿದಾರೆ?”

“ಕಂಬದ ಜೊತೆ ಸರ್.”

ಆಮೇಲೆ ನಿಮ್ಮಕ್ಕ ಶುರು ಮಾಡಿದಳು. ಮೇಜಿನ ಮೇಲಿದ್ದ ಹಸಿರು ಹಲಗೆಯನ್ನೇ ನೋಡುತ್ತ, ಅದಕ್ಕೇ ಹೇಳಿದಳಂತೆ. “ಹಲಗೆಯೇ, ಮೋಟಾರಿನ ಮನೆಯ ಅಡ್ರೆಸ್ಸು ಪಾಯಿಂಟರಲ್ಲಿತ್ತು. ನಾನು ಸ್ಟಾರ್ ಹಾಕಲಿಲ್ಲ. ಅಲ್ಲಿಗೆ ಹೋಗಿ ಒಂದು ಇಡಬೇಕಾಗಿತ್ತು, ನಾನು ಅಡ್ರೆಸ್ಸಿನ ಮೇಲೇ ಒಂದು ಅಂತ ಬಳಿದುಬಿಟ್ಟೆ. ನಮ್ಮಜ್ಜಿ ಸುಣ್ಣ ಬಳಿದ ಹಾಗೆ.” ಒಂದು ಸಲ ಪಟ್ ಎಂದಿತು. ಅದೇ ಸ್ಟಾರ್. ಪಂಪು ಗೊರಗೊರ ಎಂದು ಓಡಿತು. ಬಕೆಟ್ಟು ತುಂಬಿ ಪಂಪು ತಾನಾಗಿ ನಿಂತಿತು. ಒಂದು ಹನಿ ನೀರೂ ಹೊರಗೆ ಚೆಲ್ಲಲಿಲ್ಲ.

ಪರೀಕ್ಷಕರು ಮುಂದೆ ಎಷ್ಟೋ ಪ್ರಶ್ನೆ ಕೇಳಿದರು. ಅರ್ಧ ಪಾಯಿಂಟರ್ ಬಗ್ಗೆ, ಅರ್ಧ ಹಗೇವಿನ ಬಗ್ಗೆ. ಅವರ ಅಜ್ಜನ ಮನೆಯಲ್ಲೂ ಹಗೇವಿತ್ತಂತೆ. ಎಲ್ಲದಕ್ಕೂ ಹಲಗೆಗೆ ಉತ್ತರ ಸಿಕ್ಕಿತು. ಹೊರಗೆ ಬಂದಾಗ ಅವರು ನನ್ನನ್ನು ನೋಡಿ ಕೈ ಮುಗಿದರು. ನಾನು ಕಂಬದ ಹಿಂದೆ ಹೋದೆ. ಇದು ಕಾಪಿ ಹೊಡೆಸಿದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ನೀವು ಓದಿದವರು ಹೇಳಬೇಕು. ದೇವರಾಣೆ, ಸ್ಟಾರ್ ಬಿಟ್ಟುಹೋಗಿದೆ ಎಂದು ನನಗೆ ಗೊತ್ತಿರಲಿಲ್ಲ.

ನಿಮ್ಮಕ್ಕ ಪಾಸಾದಳು. ಈಗ ದಾವಣಗೆರೆಯಲ್ಲಿ ಓದುತ್ತಿದ್ದಾಳೆ, ಮಾತು ಜಾಸ್ತಿಯಾಗಿದೆ ಎಂದು ಅವಳಪ್ಪ ಗೊಣಗುತ್ತಾನೆ.

ಫಲಿತಾಂಶ ಬಂದ ದಿನ ಅವಳು ಸಂತೋಷದಲ್ಲಿ ಇಡೀ ಕಥೆಯನ್ನು ಬೀದಿಗೆಲ್ಲ ಹೇಳಿಬಿಟ್ಟಳು. ಸಂಜೆಗೆ ಹೊಸದುರ್ಗದಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಮ್ಮ ಜಗುಲಿಗೆ ಬಂದಳು. ನಾನು ಅಡಿಗೆಮನೆಗೆ ಓಡುವಷ್ಟರಲ್ಲಿ ಕೈ ಹಿಡಿದು ಕೂರಿಸಿದಳು.

“ನಮ್ಮ ರಾಗಿ ತಿಂದೋರು ನೀವೇ ಏನೇ?”

“ಹ್ಞೂಂ ಕಣಕ್ಕ.” ಕಂಬ ಹತ್ತಿರದಲ್ಲಿರಲಿಲ್ಲ. ನೇರವಾಗಿ ಅವಳಿಗೇ ಹೇಳಬೇಕಾಯಿತು. “ಮೂರು ತಿಂಗಳು.”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಿದ್ದು ಬಿದ್ದು ನಗಲು ಶುರು ಮಾಡಿದಳು, ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು.

“ಲೇ ಹಿರಿಯೂರಕ್ಕ! ಆ ವರ್ಷ ನಾನೂ ಹೊಸ ಸೊಸೆ ಕಣೆ. ಬಟ್ಟೆ ಒಗೆಯೋ ಕಲ್ಲು ಬಿಸ್ಲಲ್ಲಿತ್ತು, ತಲೆ ಸುಡೋದು. ಯಜಮಾನ್ರನ್ನ ಪುಸಲಾಯಿಸಿ ಹಾರೆ ಹಾಕ್ಸಿ ಬೇವಿನ ನೆಳ್ಳಿಗೆ ಸರಿಸ್ದೆ. ನಮ್ಮ ಮಾವ ಹೆಜ್ಜೆ ಎಣಿಸ್ತಿದ್ದುದು ಆ ಕಲ್ಲಿಂದ! ನಂಗೇನ್ ಗೊತ್ತು? ಎಣಿಸಿ ಅಗೆದ್ರು. ರಾಗಿ ಬಂತು. ರಾಗಿ ಜೊತೆ ಹುಳ ಬೀಳ್ದಂಗೆ ಹಾಕಿದ್ದ ಬೇವಿನ ಸೊಪ್ಪೂ ಬಂತು. ನಾವು ಹಾಕ್ತಿದ್ದುದು ಹೊಂಗೆ ಸೊಪ್ಪು. ಅವತ್ತೇ ಗೊತ್ತಾತು, ಇದು ನಿಮ್ದು ಅಂತ.”

“ಹೇಳ್ಬಾರ್ದಾಗಿತ್ತಾ?”

“ನೀನು ಹೇಳಿದ್ಯಾ?” ಅವಳು ಹಲ್ಲಿನ ಸೆಟ್ಟು ವಾಪಸ್ಸು ಹಾಕಿಕೊಂಡಳು. “ಅಲ್ಲಾ, ಏನ್ ಕಲ್ಲೇ ನಿಮ್ಮ ರಾಗೀಲಿ! ನಮ್ಮತ್ತೆಗೆ ಎರಡು ಹಲ್ಲು ಹೋದ್ವು.”

ಐವತ್ತು ವರ್ಷ ನಾನು ಅವಳ ಮನೆಯ ಮುಂದೆ ತಲೆ ತಗ್ಗಿಸಿಕೊಂಡು ಓಡಾಡಿದ್ದೆ. ಅವಳು ಸಂಡಿಗೆ ನೆನೆಯಿತೆಂದು ಕೂಗಿದಾಗಲೆಲ್ಲ, ರಾಗಿಯ ಪಾಪ ಎಂದುಕೊಂಡು ತಿರುಗಿ ಒಂದು ಮಾತೂ ಆಡದೆ ಬೈಸಿಕೊಂಡಿದ್ದೆ.

ನಿಮ್ಮಕ್ಕನ ಹಲಗೆಯನ್ನು ಈಗ ನಮ್ಮ ಟ್ಯಾಂಕಿಗೆ ಕಟ್ಟಿದ್ದಾರೆ. ಗಂಗಮ್ಮ ಪಕ್ಕದ ಮನೆಗೆ ಇಳಿಯುವುದು ನಿಂತಿದೆ. ಬೈಯಲು ಕಾರಣ ತಪ್ಪಿದ ಮೇಲೆ ಹೊಸದುರ್ಗದಕ್ಕ ದಿನಾ ಸಂಜೆ ಸುಮ್ಮನೆ ಬಂದು ಕೂರುತ್ತಾಳೆ. ಮೊನ್ನೆ ಇಬ್ಬರೂ ನಮ್ಮ ನಮ್ಮ ಹಗೇವು ಎಲ್ಲಿತ್ತು ನೋಡೋಣವೆಂದು ಜಗುಲಿಯ ಮೂಲೆಯಿಂದ ಅಂಗಳಕ್ಕೆ ಇಳಿದೆವು. ಒಂಬತ್ತು ಹೆಜ್ಜೆ ನೆಟ್ಟಗೆ, ನಾಲ್ಕು ಅಡ್ಡ ಎಂದು ನಾನು ಹೊರಟೆ. ನಾಲ್ಕು ನೆಟ್ಟಗೆ, ಒಂಬತ್ತು ಅಡ್ಡ ಎಂದು ಅವಳು ಹೊರಟಳು. ಈಗ ಇಬ್ಬರ ಹೆಜ್ಜೆಯೂ ಚಿಕ್ಕದಾಗಿದೆ. ನಾನು ಎಮ್ಮೆಯ ಗೊಂತಿಗೆ ಹೋಗಿ ಮುಟ್ಟಿದೆ, ಅವಳು ನಡುವಿನ ಗೋಡೆಗೆ ಮುಟ್ಟಿದಳು. ಅಲ್ಲಲ್ಲೇ ನಿಂತು ಹಿಮ್ಮಡಿಯಿಂದ ನೆಲ ತಟ್ಟಿ, ಕಿವಿಗೊಟ್ಟು, ಇಬ್ಬರೂ ಒಟ್ಟಿಗೇ “ಇಲ್ಲೇ” ಎಂದೆವು.